ದೊಡ್ಡೋರೇ ಜಾಸ್ತಿ ಇರೋ ಶಾಂತ ಕ್ರೂಸ್‌ಗೆ ಮಕ್ಳನ್ನ ಕರ್ಕೊಂಡು ಹೋಗ್ಬಹುದಾ?

ವಿದ್ಯಾನಗರದ ಅಮ್ಮ, ದಾವಣಗೆರೆ:
ಅತ್ತೆ ಮಾವನ್ನೂ ಸೇರಿಸ್ಕೊಂಡು ಅಲಾಸ್ಕಾ ಕ್ರೂಸ್ ಹೋಗೋಣ ಅಂತ ನಮ್ಮನೆಯವ್ರು ಹಾಲೆಂಡ್ ಅಮೆರಿಕ ಲೈನ್ ಅನ್ನೋ ಹಡಗು ಕಂಪನಿ ನೋಡಿದಾರೆ, ಗಲಾಟೆ ಇಲ್ಲ ಅಂತ ಮಾವನಿಗಂತೂ ಬಹಳ ಖುಷಿ. ನನ್ನ ಚಿಂತೆ ಮಕ್ಳದ್ದು. ಮಗಳಿಗೆ 11, ಮಗನಿಗೆ 5, ಬೆಂಗಳೂರು ರೈಲು ಹತ್ತಿದ್ರೆ ಚಿಕ್ಕಜಾಜೂರು ಬರೋದ್ರೊಳಗೆ ಮೂರು ಸಲ ಬೋಗಿ ಸುತ್ತಿರ್ತಾನೆ, ಏಳು ದಿನ ಹೆಂಗೆ ಹಿಡಿದಿಡ್ಲಿ?

ದುರ್ಗದ ಹುಡುಗ, ಈಗ ಸಿಯಾಟಲ್:
ಅಕ್ಕ, ನಾವು ಹೋಗಿ ಬಂದ್ವಿ. ವಾಟರ್ ಸ್ಲೈಡ್, ಗೋ ಕಾರ್ಟ್ (ಪುಟ್ಟ ರೇಸ್ ಕಾರು) ಇರಲ್ಲ, ಅದೇ ಬೇಕಂದ್ರೆ ನಾರ್ವೇಜಿಯನ್ ಕ್ರೂಸ್ ಲೈನ್ ನೋಡಿ. ಆದ್ರೆ 3ರಿಂದ 17 ವರ್ಷದವ್ರಿಗೆ ಕಿಡ್ಸ್ ಕ್ಲಬ್ ಇದೆ. ಗ್ಲೇಸಿಯರ್ ಬೇ ಅಂತ ಹಿಮನದಿಗಳಿರೋ ನ್ಯಾಷನಲ್ ಪಾರ್ಕ್‌ಗೆ ಹೋಗೋ ದಿನ ಅಲ್ಲಿನ ಪಾರ್ಕ್ ರೇಂಜರ್‌ಗಳೇ ಹಡಗು ಹತ್ತಿ ವಿವರಿಸ್ತಾರೆ, ಐಸ್ ಗೋಡೆ ಬಿರಿದು ನೀರಿಗೆ ಬಿದ್ದಾಗ ಸಿಡಿಲು ಹೊಡ್ದಂಗೆ ಸದ್ದು, ನನ್ನ ಮಗಳು ಕಂಬಳಿ ಹೊದ್ಕೊಂಡು ಕೈಯಲ್ಲಿದ್ದ ಹಾಲು ಆರಿದ್ದೂ ಗೊತ್ತಿಲ್ದೆ ನೋಡ್ತಾ ನಿಂತಿದ್ಲು. ನಿಮ್ಮ ದೊಡ್ಡವಳಿಗೆ ಖಂಡಿತ ಹಿಡಿಸುತ್ತೆ. ಚಿಕ್ಕವನ ಜೊತೆ ಸರದಿ ಮೇಲೆ ಒಬ್ರು ಇರಲೇಬೇಕು.

ಪಿಜೆ ಬಡಾವಣೆ:
ಮೇಡಂ, ಕಂಪನಿ ಬದಲಾಯಿಸೋದಾದ್ರೆ ಹುಷಾರು, ವೈಕಿಂಗ್, ವರ್ಜಿನ್ ವಾಯೇಜಸ್‌ನಲ್ಲಿ 18 ತುಂಬದವ್ರನ್ನ ಹತ್ತಿಸೋದೇ ಇಲ್ಲ. ವ್ಯಾಂಕೂವರ್‌ನಿಂದ ಹೊರಡೋ ಹಡಗಾದ್ರೆ ಅಮೆರಿಕ ವೀಸಾ ಜೊತೆ ಕೆನಡಾದ್ದೂ ಬೇಕು, ಮಕ್ಳಿಗೂ ಸೇರಿ, ಅದನ್ನ ಈಗ್ಲೇ ಶುರು ಮಾಡಿ.

ವಿದ್ಯಾನಗರದ ಅಮ್ಮ:
ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಸರ್. ಸರದಿ ವಿಷ್ಯ ಇವತ್ತೇ ಮನೇಲಿ ಮಾತಾಡ್ತೀನಿ, ಎಲ್ಲ ನನ್ನ ತಲೆಗೇ ಬಂದ್ರೆ ನಾನು ಒಲ್ಲೆ.