ಆ ಪೈಪುಗಳು ಶೋಕಿಗಲ್ಲ, ಚಿಕ್ಕಪ್ಪ

ಚಿಕ್ಕಪ್ಪ: [ಫೋಟೋ] ಶಿಕಾಗೋದ ಮಿಲೇನಿಯಂ ಪಾರ್ಕ್, ಪ್ರಿಟ್ಜ್ಕರ್ ಪೆವಿಲಿಯನ್ ಅನ್ನೋ ಬಯಲು ಸಂಗೀತ ವೇದಿಕೆ. ವೇದಿಕೆ ಸುತ್ತ ಸ್ಟೀಲ್ ತಗಡು, ಸಾಲದ್ದಕ್ಕೆ ಜನ ಕೂರೋ ಹುಲ್ಲಿನ ಮೇಲೆ ಎತ್ತರದಲ್ಲಿ ಪೈಪಿನ ಬಲೆ. ಎಪಿಡಾರಸ್‌ನ ಬಯಲು ರಂಗಮಂದಿರದಲ್ಲಿ ಗ್ರೀಕರು 2,000 ವರ್ಷಕ್ಕೂ ಹಿಂದೆ ಒಂದು ಮೈಕ್ ಇಲ್ಲದೆ ಸಾವಿರಾರು ಜನಕ್ಕೆ ಕೇಳಿಸಿದ್ದರು. ಇದೆಲ್ಲಾ ಬರೀ ಶೋಕಿ.

ನಾನು: ತಗಡು ಶೋಕಿ ಅಂದರೆ ಒಪ್ಪುತ್ತೇನೆ, ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಫ್ರ್ಯಾಂಕ್ ಗೆಹ್ರಿ ಅಂದಮೇಲೆ ಅಷ್ಟೂ ಇರದಿದ್ದರೆ ಹೇಗೆ. ಪೈಪ್ ತಂಟೆಗೆ ಮಾತ್ರ ಬರಬೇಡಿ. ಸ್ಪೀಕರ್ ನೇತುಹಾಕಿರುವುದು ಅದರಲ್ಲೇ. ಅದಿಲ್ಲದಿದ್ದರೆ ಹುಲ್ಲಿನ ನಡುವೆ ಕಂಬ ನೆಡಬೇಕಿತ್ತು, ಹಿಂದೆ ಕೂತವರು ಕಂಬ ನೋಡಿಕೊಂಡು ಹಾಡು ಕೇಳಬೇಕಿತ್ತು.

ಚಿಕ್ಕಪ್ಪ: ಮುಂದೆ ಎರಡು ದೊಡ್ಡ ಸ್ಪೀಕರ್ ಇಟ್ಟರೆ ಮುಗೀತಲ್ಲಪ್ಪ.

ನಾನು: ಮುಂದೆ ಕೂತವರ ಕಿವಿ ಕಥೆ? ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲಾ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೊನೇ ಸಾಲಿಗೆ ಸಾಕಾಗುವಷ್ಟು ಕೊಟ್ಟರೆ ಮೊದಲ ಸಾಲು ಎದ್ದು ಓಡುತ್ತದೆ, ಪಾರ್ಕಿನಾಚೆ ಮನೆಯವರು ಜಗಳಕ್ಕೆ ಬರುತ್ತಾರೆ. ಅದಕ್ಕೇ ತಲೆ ಮೇಲೆ ಅಲ್ಲಲ್ಲಿ ಸ್ಪೀಕರ್, ಒಂದೊಂದರದ್ದೂ ಕಮ್ಮಿ ಸದ್ದು. ಅದರಲ್ಲೂ ಒಂದು ಮಜಾ ಇದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ತಂತಿಯಲ್ಲಿ ಸಿಗ್ನಲ್ ಆಗಲೇ ತಲುಪಿಬಿಟ್ಟಿರುತ್ತದೆ, ಹಾಗಾಗಿ 100 ಮೀಟರ್ ಆಚೆಯ ಸ್ಪೀಕರ್ ಬೇಕಂತಲೇ ಸುಮಾರು 0.3 ಸೆಕೆಂಡ್ ಕಾದು ನುಡಿಯಬೇಕು. ಇಲ್ಲದಿದ್ದರೆ ಡ್ರಮ್ಮಿನ ಒಂದೇ ಪೆಟ್ಟು ಎರಡು ಸಲ ಕೇಳುತ್ತದೆ.

ಅತ್ತೆ: ಟಿಕೆಟ್ ಎಷ್ಟಂತೆ?

ನಾನು: ಬೇಸಿಗೆಯಲ್ಲಿ ಇಲ್ಲೇ ನಡೆಯೋ ಗ್ರ್ಯಾಂಟ್ ಪಾರ್ಕ್ ಸಂಗೀತೋತ್ಸವಕ್ಕೆ ಹೋಗಿ ಹುಲ್ಲಿನ ಮೇಲೆ ಕೂತರೆ ಪುಕ್ಕಟೆ ಅತ್ತೆ. ಕುರ್ಚಿ ಸುಮಾರು 4,000, ಹುಲ್ಲಿನ ಮೇಲೆ 7,000 ಜನ ಹಿಡಿಯುತ್ತಾರೆ. ದುಡ್ಡು ಕೊಡದೆ ಬಂದವರಿಗೂ ಚೆನ್ನಾಗಿ ಕೇಳಲಿ ಅಂತ ಮಾಡಿದ್ದನ್ನ ಚಿಕ್ಕಪ್ಪ ಶೋಕಿ ಅಂತಾರೆ!

ಚಿಕ್ಕಪ್ಪ: ಗ್ರೀಕರ ಮಾತು ಹಾರಿಸಿಬಿಟ್ಟೆಯಲ್ಲ.

ಅಕ್ಕ: ಅಲ್ಲಿ ಬೆಟ್ಟದ ಇಳಿಜಾರಲ್ಲಿ ಕಲ್ಲಿನ ಮೆಟ್ಟಿಲು ಚಿಕ್ಕಪ್ಪ, ಯಾರ ತಲೆಯೂ ಯಾರಿಗೂ ಅಡ್ಡ ಬರಲ್ಲ. ಇಲ್ಲಿ ಸಪಾಟು ಹುಲ್ಲು. ಹುಲ್ಲೂ ಸದ್ದು ಹೀರುತ್ತದೆ, ಜನರೂ ಹೀರುತ್ತಾರೆ. ಪಕ್ಕದಲ್ಲಿ ರಸ್ತೆ, ಪಾರ್ಕಿನ ಅಡಿಯಲ್ಲೇ ರೈಲು. ಪಿಟೀಲು ಹಿಂದಿನ ತನಕ ಹೇಗೆ ಬರಬೇಕು?

ಚಿಕ್ಕಪ್ಪ: ಸರಿ, ಪೈಪ್ ಬಿಟ್ಟೆ. ತಗಡು?

ಅಕ್ಕ: ವೇದಿಕೆ ಒಳಗೆ ಮರ ಹೊದಿಸಿದ್ದಾರೆ, ವಾದ್ಯದವರಿಗೆ ಒಬ್ಬರದ್ದು ಒಬ್ಬರಿಗೆ ಕೇಳಬೇಕಲ್ವಾ. ಹೊರಗಿನ ತಗಡಿಗೆ ಆ ನೆಪವೂ ಇಲ್ಲ 😄 ಆ ಜಾಗದಲ್ಲಿ ಎತ್ತರದ ಕಟ್ಟಡಕ್ಕೆ ಹಳೇ ನಿರ್ಬಂಧ ಇತ್ತು. ಇದನ್ನು ಕಟ್ಟಡ ಅನ್ನದೆ ಕಲಾಕೃತಿ ಅಂತ ಲೆಕ್ಕಕ್ಕೆ ಹಾಕಿ ದಾಟಿಸಿದರು.

ಚಿಕ್ಕಪ್ಪ: ನೋಡಿದಿರಾ! ಶೋಕಿ ಅಂತ ಅವರೇ ಬರೆದುಕೊಟ್ಟಿದ್ದಾರೆ.