ನೆಲದಲ್ಲಿ ಅಭ್ಯಾಸ ಮಾಡಲು ಕಟ್ಟಿದ ಬಾಲಚಕ್ರದ ಗಾಡಿ ಮೂತಿ ತಿರುಗಿಸುವುದೇ ಇಲ್ಲ: ಪರಿಹಾರವೇನು?

ಪ್ರಶ್ನೆ (ಚಿಕ್ಕಮಗಳೂರು)

ಮಾನ್ಯರೇ, ಬಾಲಚಕ್ರದ ವಿಮಾನವನ್ನು ನೆಲದ ಮೇಲೆ ಓಡಿಸುವಾಗ ಕಾಲುಗಳು ಮಾಡಬೇಕಾದ ಕೆಲಸವನ್ನು ಮೊದಲೇ ರೂಢಿಸಿಕೊಳ್ಳಬೇಕೆಂದು ನಾನೂ ನನ್ನ ತಮ್ಮನೂ ಸೇರಿ ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿದ್ದೇವೆ. ಚೌಕ ಪೈಪಿನ ಚೌಕಟ್ಟು, ಮುಂದೆ ಸ್ಕೂಟರಿನ ಎರಡು ಚಕ್ರ, ಅಲ್ಲಿಂದ 1.8 ಮೀಟರ್ ಹಿಂದೆ ಸುತ್ತಲೂ ತಿರುಗಬಲ್ಲ ಒಂದು ಚಿಕ್ಕ ಚಕ್ರ ಇವೆ. ಮುಂದಿನ ಎರಡೂ ಚಕ್ರಗಳನ್ನು ಒಂದೇ ಶಾಫ್ಟಿಗೆ ಬಿಗಿದು, ಬ್ಯಾಟರಿ ಮೋಟಾರಿನಿಂದ ಚೈನ್ ಕೊಟ್ಟಿದ್ದೇವೆ. ಪೆಡಲುಗಳಿಂದ ಬಾಲಚಕ್ರಕ್ಕೆ ಬಿಗಿಯಾದ ಕೇಬಲ್ ಇದೆ. ನಾನು ಕುಳಿತಾಗ ಒಟ್ಟು ತೂಕ 120 ಕಿಲೋ. ಬಾಲಚಕ್ರದ ಕೆಳಗೆ ತೂಕದ ಯಂತ್ರವಿಟ್ಟರೆ 4 ಕಿಲೋ ತೋರಿಸುತ್ತದೆ.

ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾದ ಮೇಲೆ ಅಲ್ಲಿ ಓಡಿಸಿ ನೋಡಿದೆವು. ಗಾಡಿ ಗೆರೆ ಎಳೆದಂತೆ ನೇರವಾಗಿ ಹೋಗುತ್ತದೆ, ಪೆಡಲಿನ ಮೇಲಿಂದ ಕಾಲು ತೆಗೆದರೂ ಮೂತಿ ಅಲುಗುವುದಿಲ್ಲ. ಹೀಗಿದ್ದರೆ ಕಲಿಯುವುದೇನನ್ನು? ಕೇಬಲುಗಳನ್ನು ಅಡ್ಡ ಹಾಯಿಸಬೇಕೇ ಎಂಬ ಅನುಮಾನವೂ ಇದೆ.

ಉತ್ತರ (ಹಾಸನ)

ಕೇಬಲಿನ ಅನುಮಾನವನ್ನು ಮೊದಲು ಮುಗಿಸೋಣ. ಅಡ್ಡ ಹಾಯಿಸುವುದು ಬೇಡ. ಬಲ ಪೆಡಲಿನ ಕೇಬಲ್ ಬಾಲಚಕ್ರದ ಬಲಗೈಯನ್ನು ಮುಂದಕ್ಕೆ ಎಳೆದರೆ ಬಾಲ ಎಡಕ್ಕೆ ಸರಿದು ಮೂತಿ ಬಲಕ್ಕೆ ತಿರುಗುತ್ತದೆ, ವಿಮಾನದಲ್ಲಿಯೂ ಹೀಗೆಯೇ.

ಮುಖ್ಯ ತೊಂದರೆ ಇರುವುದು ಆ ಒಂದೇ ಶಾಫ್ಟಿನಲ್ಲಿ. ಗಾಡಿ ತಿರುಗಬೇಕಾದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಬೇಕು; ಎರಡನ್ನೂ ಒಟ್ಟಿಗೆ ಬಿಗಿದಿರುವುದರಿಂದ ಯಾವುದಾದರೊಂದು ಚಕ್ರ ನೆಲವನ್ನು ಉಜ್ಜದ ಹೊರತು ಮೂತಿ ತಿರುಗಲಾರದು. ಎಡಚಕ್ರವನ್ನು ಬೇರಿಂಗಿನ ಮೇಲೆ ಸ್ವತಂತ್ರವಾಗಿ ತಿರುಗಲು ಬಿಟ್ಟು, ಬಲಚಕ್ರವೊಂದಕ್ಕೇ ಚೈನಿನ ಶಕ್ತಿಯನ್ನು ಕೊಡಿ. ಇದರಿಂದ ಇನ್ನೊಂದು ಅನುಕೂಲವೂ ಇದೆ. 1958ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಪುಷ್ಪಕ್ ವಿಮಾನದಲ್ಲಿ ಪ್ರೊಪೆಲರ್ ಚಾಲಕನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅಂಥ ವಿಮಾನದಲ್ಲಿ ಥ್ರಾಟಲ್ ಕೊಟ್ಟಾಗ ಮೂತಿ ಎಡಕ್ಕೆ ಎಳೆಯುತ್ತದೆ, ಬಲಗಾಲು ಅದನ್ನು ತಡೆಯಬೇಕಾಗುತ್ತದೆ. ಬಲಚಕ್ರ ಮಾತ್ರ ತಳ್ಳಿದರೆ ನಿಮ್ಮ ಗಾಡಿಯೂ ಎಡಕ್ಕೇ ಎಳೆಯುವುದರಿಂದ ಆ ಅಭ್ಯಾಸ ಕಾಲಿಗೆ ತಾನಾಗಿ ಬರುತ್ತದೆ.

ಎರಡನೆಯದು ಆಸನದ ಸ್ಥಾನ. ಬಾಲಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರವು ಮುಖ್ಯ ಚಕ್ರಗಳ ಹಿಂದೆ ಇರುತ್ತದೆ; ಮೂತಿ ತುಸು ಓರೆಯಾದೊಡನೆ ನೆಲವು ಚಕ್ರಗಳನ್ನು ಹೊಸ ದಿಕ್ಕಿಗೆ ಎಳೆದರೆ, ಹಿಂದಿರುವ ಭಾರವು ಹಳೆಯ ದಿಕ್ಕಿನಲ್ಲಿಯೇ ನುಗ್ಗುತ್ತದೆ, ಓರೆ ತನ್ನಿಂದ ತಾನೇ ಬೆಳೆಯುತ್ತದೆ, ಹಾಗೆಯೇ ಬಿಟ್ಟರೆ ಗ್ರೌಂಡ್ ಲೂಪ್ ಆಗುತ್ತದೆ, ಅಂದರೆ ವಿಮಾನ ನೆಲದ ಮೇಲೆಯೇ ಗಿರಕ್ಕನೆ ಸುತ್ತಿಬಿಡುತ್ತದೆ. ನಿಮ್ಮ ಲೆಕ್ಕ ನೋಡಿ: 4 ಕಿಲೋವನ್ನು 1.8 ಮೀಟರಿನಿಂದ ಗುಣಿಸಿ 120ರಿಂದ ಭಾಗಿಸಿದರೆ ಕೇಂದ್ರವು ಶಾಫ್ಟಿನಿಂದ ಕೇವಲ 6 ಸೆಂಟಿಮೀಟರ್ ಹಿಂದಿದೆ. ಅದನ್ನು 15 ಸೆಂಟಿಮೀಟರಿಗೆ ತನ್ನಿ. ಆಗ ಬಾಲದ ತೂಕ 10 ಕಿಲೋ ತೋರಿಸಬೇಕು. ನಿಮ್ಮ ತೂಕ 70 ಕಿಲೋ ಎಂದಿಟ್ಟುಕೊಂಡರೆ ಆಸನವನ್ನು ಸುಮಾರು 15 ಸೆಂಟಿಮೀಟರ್ ಹಿಂದೆ ಸರಿಸಿದರೆ ಸಾಕು. ಅದಕ್ಕಿಂತ ಹಿಂದೆ ಹೋಗುವ ಆತುರ ಬೇಡ, ಏಕೆಂದರೆ ಓರೆ ಬೆಳೆಯುವ ರಭಸವು ವೇಗದ ಜೊತೆಗೆ ನೇರವಾಗಿ ಹೆಚ್ಚುತ್ತದೆ, ಮತ್ತು ಇಷ್ಟು ಹಗುರವಾದ ಗಿಡ್ಡ ಗಾಡಿಯು ಓಡುನಡಿಗೆಯ ವೇಗದಲ್ಲೇ ನಿಜವಾದ ವಿಮಾನದಷ್ಟು ಚುರುಕಾಗಿ ತಿರುಗಬಲ್ಲದು.

ಕೇಬಲಿನ ಬಿಗಿಯೂ ನೇರ ಓಟಕ್ಕೆ ಕಾರಣವೇ. ಬಾಲಚಕ್ರ ಗಟ್ಟಿಯಾಗಿ ನಿಂತರೆ ಅದು ಬಾಲವನ್ನು ಪಕ್ಕಕ್ಕೆ ಸರಿಯಗೊಡುವುದಿಲ್ಲ. ಎರಡೂ ಬದಿಯ ಕೇಬಲಿನ ತುದಿಗೆ ಮೆತ್ತನೆಯ ಎಳೆತದ ಸ್ಪ್ರಿಂಗುಗಳನ್ನು ಹಾಕಿ, ವಿಮಾನಗಳಲ್ಲಿ ಹಾಕುವುದೂ ಅವನ್ನೇ. ಹಗ್ಗ ಕಟ್ಟಿ ಮುಂದಿನಿಂದ ಎಳೆದು ಪರೀಕ್ಷಿಸಬೇಡಿ. ಎಳೆಯುವ ಹಗ್ಗವೇ ಮೂತಿಯನ್ನು ನೇರ ಹಿಡಿದು ದೋಷವನ್ನು ಮರೆಮಾಡುತ್ತದೆ.

ಇಷ್ಟಾದ ಮೇಲೆ ಸುರಕ್ಷತೆಯ ಬಗ್ಗೆ ನಾನು ಪಟ್ಟು ಹಿಡಿದು ಹೇಳಲೇಬೇಕು. ಕೇಂದ್ರವು ಶಾಫ್ಟಿಗೆ ಇಷ್ಟು ಹತ್ತಿರವಿರುವಾಗ ಜೋರಾಗಿ ಬ್ರೇಕ್ ಹಿಡಿದರೆ ಗಾಡಿ ಮೂತಿ ಮಗುಚುತ್ತದೆ. ಚೌಕಟ್ಟಿನ ಮುಂತುದಿಯನ್ನು ಚಾಚಿ, ನೆಲದಿಂದ ನಾಲ್ಕು ಬೆರಳು ಮೇಲೆ ಒಂದು ಪುಟ್ಟ ಚಕ್ರವನ್ನು ಹಾಕಿ. ಹೆಲ್ಮೆಟ್, ಕೈಗೆ ಸಿಗುವಲ್ಲಿ ಮೋಟಾರಿನ ಸ್ವಿಚ್, ವೇಗಕ್ಕೆ ಮಿತಿ, ಈ ಮೂರಿಲ್ಲದೆ ಕುಳಿತುಕೊಳ್ಳಬೇಡಿ. ಕಣದ ಅಂಚಿನ ಕಟ್ಟೆಯಿಂದ ದೂರವಿರಿ. ಮಳೆ ಬಿದ್ದು ಪಾಚಿ ಕಟ್ಟಿದ ಕಣದಲ್ಲಿ ಮುಂಚಕ್ರಗಳು ಹಿಡಿತ ಕಳೆದುಕೊಳ್ಳುವುದರಿಂದ ಮುಂಗಾರಿಗೆ ಮುಂಚೆಯೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಕಾಲಿನ ಕೆಲಸ ಹೀಗಿರಲಿ: ದೃಷ್ಟಿ ಕಣದ ಆಚೆ ತುದಿಯಲ್ಲಿರಲಿ, ಮೂತಿ ಅಲುಗಿದ್ದು ಕಂಡೊಡನೆ ಚಿಕ್ಕದಾಗಿ ಒತ್ತಿ, ಅದು ನಿಲ್ಲುವ ಮೊದಲೇ ಕಾಲನ್ನು ಸಡಿಲಿಸಿ. ನಿಂತ ಮೇಲೆ ಬಿಟ್ಟರೆ ತಡವಾಗಿ, ಇನ್ನೊಂದು ಕಡೆಗೆ ದೊಡ್ಡ ತೂಗಾಟ ಶುರುವಾಗುತ್ತದೆ. ವಿಮಾನದ ಬಾಲದಲ್ಲಿ ಎಡಬಲಕ್ಕೆ ತಿರುಗುವ ಹಲಗೆಯಾದ ರಡ್ಡರಿನ ಮೇಲೆ ಬೀಳುವಂಥ ಗಾಳಿಯ ಒತ್ತಡ ಈ ಗಾಡಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಗಾಡಿ ಕಲಿಸುವುದು ಕಾಲಿನ ಸಮಯಪ್ರಜ್ಞೆಯನ್ನು ಮಾತ್ರ, ಅಡ್ಡಗಾಳಿಯಲ್ಲಿ ಇಳಿಸುವುದನ್ನು ಶಿಕ್ಷಕರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಮರುಪ್ರಶ್ನೆ (ಚಿಕ್ಕಮಗಳೂರು)

ತಾವು ಹೇಳಿದಂತೆ ಮೂರನ್ನೂ ಬದಲಿಸಿದೆವು, ತುಂಬಾ ಧನ್ಯವಾದಗಳು. ಈಗ ಕಾಲು ತೆಗೆದ ಕೂಡಲೇ ಮೂತಿ ಎಡಕ್ಕೆ ಜಾರುತ್ತದೆ, ಸಮಯಕ್ಕೆ ಸರಿಯಾಗಿ ಒತ್ತಿದರೆ ಮರಳುತ್ತದೆ. ಆದರೆ ವೇಗ ಸ್ವಲ್ಪ ಏರಿದರೆ ಬಾಲಚಕ್ರ ಥರಥರ ನಡುಗಿ ಇಡೀ ಚೌಕಟ್ಟೇ ಅದುರುತ್ತದೆ.

ಉತ್ತರ (ಹಾಸನ)

ನೀವು ಆಸನದಲ್ಲಿ ಕುಳಿತಿರುವಾಗಲೇ ತಮ್ಮನವರು ಪಕ್ಕದಿಂದ ನೋಡಲಿ: ಬಾಲಚಕ್ರ ತಿರುಗುವ ಗೂಟವು ನೆಟ್ಟಗೆ, ಇಲ್ಲವೇ ಅದರ ಮೇಲ್ತುದಿ ತುಸು ಹಿಂದಕ್ಕೆ ವಾಲಿರಬೇಕು. ಬಾಲದ ಮೇಲೆ ಭಾರ ಹೆಚ್ಚಿದ್ದರಿಂದ ಚೌಕಟ್ಟು ಬಗ್ಗಿ ಮೇಲ್ತುದಿ ಮುಂದಕ್ಕೆ ವಾಲಿದ್ದರೆ ನಡುಕ ಬರುವುದು ಸಹಜ. ಬುಡದಲ್ಲಿ ತುಂಡು ತಗಡು ಕೊಟ್ಟು ಕೋನವನ್ನು ಸರಿಪಡಿಸಿ. ಕೋನ ಸರಿಯಿದ್ದೂ ನಡುಗಿದರೆ ಗೂಟದ ಬೇರಿಂಗಿನಲ್ಲಿ ಸಡಿಲವಿದೆಯೇ, ಎರಡೂ ಸ್ಪ್ರಿಂಗುಗಳ ಎಳೆತ ಸಮವಾಗಿದೆಯೇ ಎಂಬುದನ್ನು ಚಕ್ರವನ್ನು ಮೇಲೆತ್ತಿ ಕೈಯಲ್ಲಿ ಅಲುಗಿಸಿ ನೋಡಿ.