ಎದುರು ತಂಡಕ್ಕೆ ಚಪ್ಪಾಳೆ ತಟ್ಟಿದ ಮಗಳಿಗೆ ಯಾವ ಪುಸ್ತಕ ಕೊಡಲಿ?

ನಾಪೋಕ್ಲು ಅಮ್ಮ

ನನ್ನ ಮಗಳು ಒಂಬತ್ತನೇ ಕ್ಲಾಸು. ಹೋದ ತಿಂಗಳು ಅವಳ ಸ್ಕೂಲಿನ ಹಾಕಿ ಮ್ಯಾಚ್ ಇತ್ತು. ಎದುರು ತಂಡದ ಗೋಲ್‌ಕೀಪರ್ ಹುಡುಗಿ ಕೆಸರಿನಲ್ಲಿ ಬಿದ್ದು ಒಂದು ಪೆನಾಲ್ಟಿ ತಡೆದಳಂತೆ. ಇವಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ದಾಳೆ. ಮ್ಯಾಚ್ ನಮ್ಮವರು ಸೋತರು.

ಅಲ್ಲಿಂದ ಶುರು. ಬಸ್ಸಿನಲ್ಲಿ ಇವಳ ಪಕ್ಕದ ಸೀಟು ಖಾಲಿ. ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದಾರೆ. ಅವಳಾಗಿ ಏನೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಟಿಫಿನ್ ಡಬ್ಬಿಯಿಂದ. ಮೊದಲು ಆರು ಅಕ್ಕಿ ರೊಟ್ಟಿ ಕಟ್ಟಿದರೂ ಸಾಲದು ಅನ್ನುತ್ತಿದ್ದಳು. ಈಗ ನಾಲ್ಕು ಹಾಗೇ ವಾಪಸ್ ಬರುತ್ತವೆ. ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಒಂದು ಮೂಲೆಯಲ್ಲಿ ಮಾತ್ರ ಖಾಲಿಯಾಗಿರುತ್ತದೆ.

ಕೇಳಿ ಕೇಳಿ ವಿಷಯ ಹೊರಗೆ ಬಂತು. ನಾನು ಹೇಳಿದ್ದು ಒಂದೇ ಮಾತು: ಈ ವರ್ಷ ಸುಮ್ನೆ ಎಲ್ಲರ ಹಾಗೆ ಇದ್ದುಬಿಡು.

ಆಮೇಲೆ ಅವಳ ದಿಂಬಿನ ಪಕ್ಕ ಇದ್ದ ‘ಸ್ಟಾರ್‌ಗರ್ಲ್’ ಓದಿದೆ. ಜೆರಿ ಸ್ಪಿನೆಲ್ಲಿ ಬರೆದಿದ್ದು, 2000ರಲ್ಲಿ ಬಂದ ಕಾದಂಬರಿ. ಅಮೆರಿಕದ ಅರಿಜೋನಾದ ಒಂದು ಹೈಸ್ಕೂಲ್. ಹೊಸದಾಗಿ ಬಂದ ಸ್ಟಾರ್‌ಗರ್ಲ್ ಅನ್ನುವ ಹುಡುಗಿ ಪುಟ್ಟ ಗಿಟಾರಿನಂಥ ಯುಕುಲೇಲೆ ಹಿಡಿದು ಹುಟ್ಟುಹಬ್ಬದವರಿಗೆ ಹಾಡುತ್ತಾಳೆ, ಸಾಕಿದ ಇಲಿಯನ್ನು ಶಾಲೆಗೆ ತರುತ್ತಾಳೆ. ಸ್ವಲ್ಪ ದಿನ ಎಲ್ಲರಿಗೂ ಅವಳೆಂದರೆ ಪ್ರಾಣ. ಬ್ಯಾಸ್ಕೆಟ್‌ಬಾಲ್ ಮ್ಯಾಚಿನಲ್ಲಿ ಎದುರು ತಂಡಕ್ಕೂ ಹುರುಪು ಕೊಟ್ಟಳು ಅಂತ ಶಾಲೆಯವರೇ ಅವಳ ಮೇಲೆ ತಿರುಗಿಬೀಳುತ್ತಾರೆ. ಆ ಪುಟದಲ್ಲಿ ಮಗಳು ಬಸ್ ಟಿಕೆಟ್ ಮಡಚಿ ಇಟ್ಟಿದ್ದಳು.

ಆದರೆ ನನ್ನನ್ನು ಕಾಡುತ್ತಿರುವುದು ಆ ಹುಡುಗಿ ಅಲ್ಲ, ಲಿಯೋ. ಅವಳನ್ನು ಪ್ರೀತಿಸುವ ಹುಡುಗ. ಎಲ್ಲರ ಹಾಗೆ ಆಗು ಅಂತ ಅವಳಿಗೆ ಹೇಳುವವನು ಅವನೇ. ಅವಳು ಹೆಸರು ಕೂಡ ಬದಲಿಸಿ ಸೂಸನ್ ಆಗುತ್ತಾಳೆ. ಆದರೂ ಯಾರೂ ಹತ್ತಿರ ಸೇರಿಸುವುದಿಲ್ಲ. ಊರೆಲ್ಲ ಬಯ್ದಾಗ ಬದಲಾಗದವಳು ಬೇಕಾದವನ ಒಂದು ಮಾತಿಗೆ ಬದಲಾದಳು, ಅಲ್ವಾ? ನಾನೂ ಮಗಳಿಗೆ ಅದನ್ನೇ ಹೇಳಿಬಿಟ್ಟೆ. ಹೇಗೆ ಸರಿ ಮಾಡಲಿ? ಅವಳ ವಯಸ್ಸಿಗೆ ಇಂಥದ್ದೇ ಬೇರೆ ಯಾವ ಪುಸ್ತಕ ಕೊಡಬಹುದು?

ನಿವೃತ್ತ ಮೇಷ್ಟ್ರು, ವಿರಾಜಪೇಟೆ

ರಾಬರ್ಟ್ ಕಾರ್ಮಿಯರ್ ಬರೆದ ‘ದಿ ಚಾಕಲೇಟ್ ವಾರ್’ ಇದೆ, 1974ರದ್ದು. ಶಾಲೆಗೆ ದುಡ್ಡು ಸೇರಿಸಲು ಪ್ರತಿ ಹುಡುಗನೂ 50 ಡಬ್ಬಿ ಚಾಕಲೇಟ್ ಮಾರಬೇಕು. ಜೆರಿ ಅನ್ನುವವನು ಒಲ್ಲೆ ಅನ್ನುತ್ತಾನೆ. ಮೊದಲ 10 ದಿನ ಅದು ಹುಡುಗರ ಗುಪ್ತ ಗುಂಪಿನ ಆಜ್ಞೆ. ಆಮೇಲೆ ಹೂಂ ಅನ್ನಬೇಕಿತ್ತು. ಆಗಲೂ ಒಲ್ಲೆ ಅಂದ. ಆ ಎರಡನೇ ಒಲ್ಲೆ ಇದೆಯಲ್ಲ, ಅದು ಅವನದೇ. ಕಾರ್ಮಿಯರ್ ಅವರ ಮಗನೂ ಶಾಲೆಯ ಚಾಕಲೇಟ್ ಮಾರಲು ಒಪ್ಪಿರಲಿಲ್ಲ, ಅವನಿಗೆ ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಅಂತ ಯೋಚಿಸಿ ಅಪ್ಪ ಕಾದಂಬರಿ ಬರೆದರು. ಕಾದಂಬರಿಯ ಹುಡುಗ ಕೊನೆಗೆ ಪೆಟ್ಟು ತಿಂದು ಬೀಳುತ್ತಾನೆ. ತುಂಬಾ ಕಷ್ಟದ ಓದು. ಮಗಳಿಗೆ ಈಗಲೇ ಬೇಡ. ನೀವು ಓದಿ.

ಇನ್ನೊಂದು ಮಾತು. ಸ್ಟಾರ್‌ಗರ್ಲ್ ಕೊನೆಗೆ ಊರು ಬಿಟ್ಟು ಹೋಗುತ್ತಾಳೆ. ನಮ್ಮಲ್ಲಿ ಅದು ಸುಲಭ ಅಲ್ಲ. ಇವತ್ತು ಮಾತು ಬಿಟ್ಟವರೇ ನಾಳೆ ಮದುವೆ ಊಟಕ್ಕೆ ಪಕ್ಕದಲ್ಲಿ ಕೂರುತ್ತಾರೆ. ಆದರೆ ಅದರಲ್ಲೇ ಒಂದು ದಾರಿಯೂ ಇದೆ. 1997ರಲ್ಲಿ ಕರಡದಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಶುರುವಾದಾಗಿನಿಂದ ನೋಡುತ್ತಿದ್ದೇನೆ. ತವರಿಗೂ ಗಂಡನ ಮನೆಗೂ ಮ್ಯಾಚ್ ಬಿದ್ದರೆ ಹೆಣ್ಣುಮಕ್ಕಳು ಎರಡು ಕಡೆಗೂ ಚಪ್ಪಾಳೆ ತಟ್ಟುತ್ತಾರೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ನಿಮ್ಮ ಮಗಳು ಹೊಸದೇನೂ ಮಾಡಿಲ್ಲ ತಾಯಿ. ಅವಳಿಗೆ ಇದನ್ನು ಹೇಳಿ.

ಡಿಗ್ರಿ ಹುಡುಗ, ಮಡಿಕೇರಿ

ನಾನು ಸೀಟು ಖಾಲಿ ಬಿಟ್ಟವರ ಪೈಕಿ. ಹತ್ತನೇ ಕ್ಲಾಸಿನ ಸೆಂಡಾಫ್‌ಗೆ ಎಲ್ಲರೂ ಒಂದೇ ಬಣ್ಣದ ಶರ್ಟ್ ಹೊಲಿಸಬೇಕು ಅಂತ ತೀರ್ಮಾನ ಆಯಿತು. ಒಬ್ಬ ಬೇಡ ಅಂದ. ಪರೀಕ್ಷೆ ಮುಗಿಯುವವರೆಗೆ ಯಾರೂ ಅವನನ್ನು ಮಾತಾಡಿಸಲಿಲ್ಲ. ನನಗೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ಮಾತಾಡಿಸಿದರೆ ಮುಂದಿನ ಸರದಿ ನನ್ನದು ಅನ್ನುವ ಭಯ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೇ ಇದ್ದರೆ ನಗುತ್ತಿದ್ದೆ. ಕ್ಲಾಸಿನವರು ಬಂದ ಕೂಡಲೇ ಫೋನ್ ನೋಡುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಮ್ಮಾ, ಅವಳ ಕ್ಲಾಸಿನಲ್ಲೂ ನನ್ನಂಥವರು ಖಂಡಿತ ಇರುತ್ತಾರೆ. ಇಡೀ ಗುಂಪನ್ನು ಗೆಲ್ಲು ಅನ್ನಬೇಡಿ. ಒಬ್ಬಳು ಸಾಕು. ನೀವು ಓದಿದ ‘ಸ್ಟಾರ್‌ಗರ್ಲ್’ನಲ್ಲೇ ಅವಳ ಗೆಳತಿ ಡೋರಿ ಇದ್ದಾಳಲ್ಲ. ಸ್ಟಾರ್‌ಗರ್ಲ್ ಭಾಷಣ ಸ್ಪರ್ಧೆ ಗೆದ್ದು ವಾಪಸ್ ಬಂದಾಗ ಶಾಲೆ ಹತ್ತಿರ ಹೆಚ್ಚು ಜನವೇ ಇಲ್ಲ, ಡೋರಿ ಮಾತ್ರ ಬೋರ್ಡ್ ಹಿಡಿದು ನಿಂತಿರುತ್ತಾಳೆ. ಯಾರೂ ಇಲ್ಲದಾಗ ನಿನ್ನ ಕಡೆ ನೋಡಿ ನಗುವವರು ಯಾರು ಅಂತ ಕೇಳಿ.

ನಾಪೋಕ್ಲು ಅಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಒಲೆ ಮುಂದೆ ಕೂತಿದ್ದಾಗ ಹೇಳಿದೆ, ನಾನು ಹಾಗೆ ಹೇಳಬಾರದಿತ್ತು, ತಪ್ಪಾಯಿತು ಅಂತ. ಅವಳು ಏನೂ ಅನ್ನಲಿಲ್ಲ. ನಗುವವರು ಯಾರು ಅಂತ ಕೇಳಿದ್ದಕ್ಕೆ ಜಾಸ್ತಿ ಹೊತ್ತು ಸುಮ್ಮನಿದ್ದು ಒಂದು ಹೆಸರು ಹೇಳಿದಳು. ನಾನು ನೆನೆಸಿದ್ದ ಹುಡುಗಿಯೇ ಅಲ್ಲ. ಶನಿವಾರ ಇನ್ನೊಂದು ಮ್ಯಾಚ್ ಇದೆ, ನೀನೂ ಬರ್ತೀಯಾ ಅಂತ ಕೇಳಿದ್ದಾಳೆ. ಹೋಗುತ್ತೇನೆ.

ಮೇಷ್ಟ್ರೇ, ಚಾಕಲೇಟಿನ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಎರಡು ವಾರಕ್ಕೆ ಕೊಡುತ್ತೀರಾ? ಬುಧವಾರ ವಿರಾಜಪೇಟೆಗೆ ಬರುವುದಿದೆ.